ಬೆಳಗಿನ ಪಾಳಿಯ ಗೆರೆ

ಆಸ್ಪತ್ರೆಯಲ್ಲಿ ಅವರಿಗಿದ್ದ ಹೆಸರು ಬಾಟಲಿ ಮೇಷ್ಟ್ರು. ಬಾಟಲಿ ಎಂದ ಕೂಡಲೇ ಹುಬ್ಬೇರಿಸುವವರಿಗೆ ಅವರೇ ಮುಂದಾಗಿ ಸಮಜಾಯಿಷಿ ಕೊಡುತ್ತಿದ್ದರು: ಅದರಲ್ಲಿರುವುದು ಒಂದಿಷ್ಟು ಉಪ್ಪು ಬೆರೆಸಿದ ನೀರು, ಬಾಯಿಗಿಟ್ಟರೆ ಅಮಲೇರುವುದಿಲ್ಲ, ಹೊಟ್ಟೆ ತೊಳಸುತ್ತದೆ. ಆ ಬಾಟಲಿಯನ್ನು ಅವರು ದಿನಕ್ಕೊಮ್ಮೆಯಾದರೂ ಎಂಆರ್‌ಐ ಯಂತ್ರದ ಹಾಸಿಗೆಯ ಮೇಲೆ ಮಲಗಿಸಿ, ರೋಗಿಗಳಿಗೆ ಹೇಳುವ ಧಾಟಿಯಲ್ಲೇ "ಅಲ್ಲಾಡಬೇಡಪ್ಪ" ಎಂದು ಹೇಳಿ, ಬಾಗಿಲು ಹಾಕಿಕೊಂಡು ಹೊರಗೆ ಬಂದು, ಗಾಜಿನ ಕಿಟಕಿಯ ಮುಂದಿನ ಕುರ್ಚಿಯಲ್ಲಿ ಕುಳಿತು ಅದರ ಚಿತ್ರ ತೆಗೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವರು ಆ ಕುರ್ಚಿಯಲ್ಲಿ ಕುಳಿತಿದ್ದರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅದೇ ಕುರ್ಚಿಯಿಂದ ಎದ್ದು ಮನೆಗೆ ಹೋಗಬೇಕೆಂಬುದು ಅವರ ಬದುಕಿನ ಒಂದೇ ಒಂದು ದೊಡ್ಡಾಸೆ. ಅದು ಹೇಗೆ ಕೈಜಾರಿತು ಎಂಬುದನ್ನು ಅವರು ಈಗ ತಮ್ಮ ಕಾಲನ್ನು ತಾವೇ ಎಳೆದುಕೊಳ್ಳುತ್ತ ಹೇಳುತ್ತಾರೆ. ಎಲ್ಲಿ ನಗಬೇಕೆಂಬುದನ್ನೂ ಅವರೇ ತೋರಿಸಿಕೊಡುತ್ತಾರೆ.

ಮೇಷ್ಟ್ರ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಇಕ್ಕಟ್ಟಾದ ಅಂಗಡಿ. ಗೋಡೆ ಕಾಣದಷ್ಟು ಗಡಿಯಾರಗಳು. ಶಾಲೆಯಿಂದ ಬಂದ ಮಗನ ಕಣ್ಣು ಮುಚ್ಚಿಸಿ, ಯಾವ ಗಡಿಯಾರ ಕುಂಟುತ್ತಿದೆ ಹೇಳು ಎಂದು ಕೇಳುವುದು ಅಪ್ಪನ ಆಟ. ಮಗ ಒಮ್ಮೆಯೂ ತಪ್ಪು ಹೇಳಿದ್ದಿಲ್ಲವಂತೆ. ಅಂತೆ ಎನ್ನಬೇಕಾದದ್ದು ಏಕೆಂದರೆ ಇದಕ್ಕೆ ಉಳಿದಿರುವ ಸಾಕ್ಷಿ ಅವರೊಬ್ಬರೇ. ಹೇಗಾದರಾಗಲಿ, ತಮ್ಮ ಕಿವಿಯ ಬಗ್ಗೆ ಅವರಿಗೆ ಅಂದಿನಿಂದಲೂ ಭಾರಿ ಜಂಬ. ಆಸ್ಪತ್ರೆಯ ಎಕ್ಸ್‌ರೇ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವ ಕೆಲಸಕ್ಕೆ ಸೇರಿದಾಗಲೂ, ಮುಂದೆ ಪರೀಕ್ಷೆಗಳನ್ನು ಕಟ್ಟಿ ತಂತ್ರಜ್ಞರಾದಾಗಲೂ, ಕೊನೆಗೆ ಆಸ್ಪತ್ರೆಗೆ ಎಂಆರ್‌ಐ ಯಂತ್ರ ಬಂದಾಗಲೂ ಆ ಜಂಬ ಅವರ ಜೊತೆಯಲ್ಲೇ ಬಡ್ತಿ ಪಡೆಯುತ್ತ ಬಂತು.

ಯಂತ್ರವಂತೂ ಅವರ ಜಂಬಕ್ಕೆ ಹೇಳಿ ಮಾಡಿಸಿದಂತಿತ್ತು. ಅದು ಮಾಡುವುದು ಫೋಟೋ ತೆಗೆಯುವ ಕೆಲಸವಲ್ಲ, ಕಿವಿಗೊಡುವ ಕೆಲಸ ಎಂದು ಅವರು ಹೊಸಬರಿಗೆ ಹೇಳುತ್ತಿದ್ದರು. ದೊಡ್ಡ ಅಯಸ್ಕಾಂತದ ನಡುವೆ ಮಲಗಿದ ದೇಹದೊಳಗಿನ ನೀರನ್ನು ಯಂತ್ರ ರೇಡಿಯೋ ಅಲೆಗಳಿಂದ ತಟ್ಟಿ ಮಾತಾಡಿಸುತ್ತದೆ. ನೀರು ರೇಡಿಯೋ ಅಲೆಯಲ್ಲೇ ಉತ್ತರ ಕೊಡುತ್ತದೆ. ಆದರೆ ಆ ದನಿ ಎಷ್ಟು ಕ್ಷೀಣವೆಂದರೆ ಬೀದಿಯಲ್ಲಿ ಹೋಗುವ ವಾಹನದ ವೈರ್‌ಲೆಸ್ಸಿನ ಒಂದು ಕೆಮ್ಮು ಸಾಕು ಅದನ್ನು ಮುಳುಗಿಸಲು. ಅದಕ್ಕಾಗಿಯೇ ಕೋಣೆಯ ಗೋಡೆ, ನೆಲ, ಸೂರುಗಳೊಳಗೆ ತಾಮ್ರದ ತಗಡು ಹೊದಿಸಿರುತ್ತಾರೆ. ಬಾಗಿಲಿನ ಅಂಚಿಗೂ ಬಾಚಣಿಗೆಯ ಹಲ್ಲಿನಂಥ ತಾಮ್ರದ ಪಟ್ಟಿಗಳಿರುತ್ತವೆ. ಇಷ್ಟಾದರೂ ಕೆಲವೊಮ್ಮೆ ಇಲ್ಲದ್ದು ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು ಗೆರೆ, ಒಂದು ನೆರಳು, ಒಂದು ಚುಕ್ಕೆ. ಅದು ರೋಗವೋ, ಯಂತ್ರದ ಕನಸೋ ಎಂದು ತೀರ್ಮಾನಿಸುವುದರಲ್ಲಿ ಮೇಷ್ಟ್ರನ್ನು ಮೀರಿಸಿದವರಿರಲಿಲ್ಲ.

ಅವರ ಪರೀಕ್ಷೆಗಳು ಎರಡೇ. ಮೊದಲನೆಯದು ಬಾಟಲಿ. ರೋಗಿಯ ಚಿತ್ರದಲ್ಲಿ ಕಂಡ ಗೆರೆ ಬಾಟಲಿಯ ಚಿತ್ರದಲ್ಲೂ ಕಂಡರೆ ತಪ್ಪು ಯಂತ್ರದ್ದೋ ಕೋಣೆಯದ್ದೋ. ನೀರಿಗೆ ರೋಗ ಬರುವುದಿಲ್ಲವಲ್ಲ. ಎರಡನೆಯದು ಅದಲುಬದಲು. ಯಂತ್ರ ಅಡ್ಡಕ್ಕೆ ಓದುತ್ತಿದ್ದುದನ್ನು ಉದ್ದಕ್ಕೆ ಓದುವಂತೆ ಮಾಡಿ ಇನ್ನೊಮ್ಮೆ ಚಿತ್ರ ತೆಗೆಯುವುದು. ರೋಗವಾದರೆ ಇದ್ದಲ್ಲೇ ಇರುತ್ತದೆ. ಸುಳ್ಳಾದರೆ ಜಾಗ ಬದಲಿಸುತ್ತದೆ. ಒಮ್ಮೆ ಒಬ್ಬ ಬಸ್ ಚಾಲಕನ ಬೆನ್ನುಹುರಿಯ ಮೇಲೆ ಕಂಡ ಬಿಳಿ ಚುಕ್ಕೆಯನ್ನು ನೋಡಿ ಡಾಕ್ಟರರೇ ಮುಖ ಗಂಟಿಕ್ಕಿಕೊಂಡಿದ್ದಾಗ, ಮೇಷ್ಟ್ರು ದಿಕ್ಕು ಬದಲಿಸಿ ತೆಗೆದ ಚಿತ್ರದಲ್ಲಿ ಆ ಚುಕ್ಕೆ ಹುರಿಯನ್ನು ಬಿಟ್ಟು ಪಕ್ಕಕ್ಕೆ ಜಿಗಿದು ಕುಳಿತಿತ್ತು. ಅದು ಎದೆಯ ದೊಡ್ಡ ರಕ್ತನಾಳ ಮಿಡಿದಾಗ ಬಿದ್ದ ನೆರಳು. ಚಾಲಕ ನೆಟ್ಟಗೆ ಮನೆಗೆ ಹೋದ. ಈ ಕತೆಯನ್ನು ಮೇಷ್ಟ್ರು ಎಷ್ಟು ಸಲ ಹೇಳಿದ್ದರೆಂದರೆ, ಅವರ ಹೆಂಡತಿ ಕತೆ ಶುರುವಾದ ಕೂಡಲೇ ಎದ್ದು ಒಣಗಿದ ಬಟ್ಟೆ ಮಡಚಿ, ಚುಕ್ಕೆ ಜಿಗಿಯುವ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತಿದ್ದರು.

ಹೆಂಡತಿಯ ಜೊತೆ ಅವರಿಗೆ ಆ ದಿನಗಳಲ್ಲಿ ಒಂದು ಸಣ್ಣ ತಕರಾರಿತ್ತು. ಮೇಷ್ಟ್ರ ಪ್ರಕಾರ ಹೆಂಡತಿ ವಯಸ್ಸಾದಂತೆ ಗೊಣಗಲು ಶುರುಮಾಡಿದ್ದರು. ಹೆಂಡತಿಯ ಪ್ರಕಾರ ಗಂಡನ ಕಿವಿ ಮಂದವಾಗಿತ್ತು. ಮೇಷ್ಟ್ರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಮಾತು ನಿಂತಿತೆಂದು ಅನ್ನಿಸಿದ ಕಡೆ ಒಂದು "ಹೂಂ" ಸೇರಿಸುವುದು. ಹೀಗೆ ಹೂಂಗುಟ್ಟಿಯೇ ಅವರು ಭಾವಮೈದುನನ ಮುದಿ ನಾಯಿಯನ್ನು ಮೂರು ವಾರ ಸಾಕಲು ಒಪ್ಪಿದ್ದರು, ಹಜಾರಕ್ಕೆ ತಿಳಿಗುಲಾಬಿ ಬಣ್ಣ ಹೊಡೆಸಲು ಒಪ್ಪಿದ್ದರು, ನಾಯಿ ಬಂದ ದಿನವೂ ಬಣ್ಣದವರು ಬಂದ ದಿನವೂ ಬಾಯಿ ತೆರೆದು ನಿಂತಿದ್ದರು. ಊರಲ್ಲಿ ಗುಬ್ಬಚ್ಚಿಗಳು ಕಡಿಮೆಯಾಗುತ್ತಿವೆ ಎಂದು ಅವರು ಒಂದು ಬೆಳಿಗ್ಗೆ ಪತ್ರಿಕೆಗೆ ಪತ್ರ ಬರೆಯಲು ಕುಳಿತಾಗ, ಹೆಂಡತಿ ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಕಂಬಿಯ ಮೇಲೆ ಆರು ಗುಬ್ಬಚ್ಚಿಗಳು ಕೊಕ್ಕು ತೆರೆದು ಮುಚ್ಚುತ್ತಿದ್ದವು. ಇವು ಯಾಕೋ ಸುಮ್ಮನಿರುವ ಜಾತಿ ಎಂದುಕೊಂಡು ಮೇಷ್ಟ್ರು ಪತ್ರವನ್ನು ಪೂರ್ತಿಮಾಡಿದರು. ಅದು ಅಚ್ಚಾಯಿತು ಕೂಡ.

ಗೆರೆ ಕಾಣಿಸಿಕೊಂಡದ್ದು ಇದೇ ಕಾಲದಲ್ಲಿ. ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ, ಅಂಗಿಯ ಮೇಲೆ ಜಿಪ್ಪು ಹೊಲಿದಂತೆ, ಕಪ್ಪು ಬಿಳುಪು ಚುಕ್ಕೆಗಳ ಒಂದು ಸಾಲು. ಮೇಷ್ಟ್ರು ದಿಕ್ಕು ಬದಲಿಸಿದರು. ಉದ್ದವಿದ್ದ ಗೆರೆ ಅಡ್ಡವಾಯಿತು. ಬಾಟಲಿ ಮಲಗಿಸಿದರು, ಅದರ ಹೊಟ್ಟೆಯ ಮೇಲೂ ಗೆರೆ. ಅಲ್ಲಿಗೆ ಅದು ಸುಳ್ಳೆಂದು ಸಾಬೀತಾಯಿತು. ಹೊರಗಿನ ಯಾವುದೋ ರೇಡಿಯೋ ಅಲೆ ಕೋಣೆಯೊಳಗೆ ನುಸುಳುತ್ತಿದೆ. ಎಲ್ಲಿಂದ ಎನ್ನುವುದಷ್ಟೇ ಪ್ರಶ್ನೆ. ಒಂದು ವಾರದಲ್ಲಿ ಕಳ್ಳನನ್ನು ಹಿಡಿದು ತರುತ್ತೇನೆಂದು ಅವರು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡರು. ಬೆನ್ನು ಗಟ್ಟಿಯಾದ ಒಂದು ನೋಟುಪುಸ್ತಕ ತಂದು, ಗೆರೆ ಬಂದ ದಿನ, ಗಂಟೆ, ಉದ್ದ, ದಪ್ಪಗಳನ್ನು ಬರೆಯತೊಡಗಿದರು. ಬರೆದ ಮೇಲೆ ಕೈಗೆ ಸಿಗುವಂತೆ ಅದನ್ನು ತಮ್ಮ ಮುಂದಿನ ನಿಯಂತ್ರಣ ಫಲಕಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಈ ನೋಟುಪುಸ್ತಕ ನಿಲ್ಲುತ್ತಿದ್ದ ಜಾಗವನ್ನು ನೆನಪಿಟ್ಟುಕೊಳ್ಳಬೇಕು.

ಅವರು ಮೊದಲು ಅನುಮಾನಿಸಿದ್ದು ಬಾಗಿಲನ್ನೇ. ಕೆಲವೇ ದಿನಗಳ ಹಿಂದೆ ಅದರ ಹಳೆಯ ಹಿಡಿಯನ್ನು ತೆಗೆದು ಹೊಸದನ್ನು ಹಾಕಿದ್ದರು. ಹಿಡಿ ಕೂರಿಸಲು ಬಂದ ಕೆಲಸಗಾರ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಾಗಿಲು ಹಾಕಿ ತೆಗೆದು, ತೆಗೆದು ಹಾಕಿ, ಏನೇನೋ ವಿವರಿಸಿ, ಗೊತ್ತಾಯ್ತಾ ಎಂದು ಕೇಳಿದ್ದ. ಎಲ್ಲರೂ ತಲೆಯಾಡಿಸಿದ್ದರು. ಮೇಷ್ಟ್ರೂ ಕೋಲೆಬಸವನಂತೆ ತಲೆಯಾಡಿಸಿದ್ದರು. ಈಗ ಅವರು ತಾಮ್ರದ ಹಲ್ಲುಗಳನ್ನು ಒಂದೊಂದಾಗಿ ಸ್ಪಿರಿಟ್ಟಿನಲ್ಲಿ ಒರೆಸಿದರು. ಬಳಿಕ ಆ ವೃತ್ತಿಯ ಹಳೆಯ ಪರೀಕ್ಷೆಯೊಂದನ್ನು ಮಾಡಿದರು. ಸಣ್ಣ ರೇಡಿಯೋವೊಂದನ್ನು ಜೋರಾಗಿ ಹಾಡಿಸುತ್ತ, ಅಯಸ್ಕಾಂತದಿಂದ ದೂರಕ್ಕೆ, ಬಾಗಿಲ ಮೂಲೆಯಲ್ಲೇ ತಾವು ನಿಂತು, ಹೊರಗಿನಿಂದ ಬಾಗಿಲು ಹಾಕಲು ಮಧ್ಯಾಹ್ನದ ಪಾಳಿಯ ಸಹೋದ್ಯೋಗಿಗೆ ಹೇಳಿದರು. ಆಕೆ ಹಾಕಿದಳು. ಬಾಯಿಗೆ ಬಟ್ಟೆ ತುರುಕಿದಂತೆ ಹಾಡು ನಿಂತಿತು. ಮೂರು ಸಲ ಮಾಡಿದರೂ ಅದೇ ಫಲ. ಬಾಗಿಲು ನಿರ್ದೋಷಿ ಎಂದು ಮೇಷ್ಟ್ರು ನೋಟುಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಸಹಿ ಹಾಕಿದರು.

ತಿಂಗಳು ಕಳೆಯುವಷ್ಟರಲ್ಲಿ ನೋಟುಪುಸ್ತಕದಿಂದ ಒಂದು ಸಂಗತಿ ಹೊರಬಂತು. ಗೆರೆ ಬರುತ್ತಿದ್ದುದು ಬೆಳಗಿನ ಪಾಳಿಯಲ್ಲಿ ಮಾತ್ರ. ಮಧ್ಯಾಹ್ನ ಎರಡರ ಮೇಲೆ ಚಿತ್ರಗಳು ತೊಳೆದಿಟ್ಟಂತೆ ಸ್ವಚ್ಛ. ಹಾಗಾದರೆ ಕಳ್ಳ ಬೆಳಿಗ್ಗೆ ಓಡಾಡುವವನು. ಮೇಷ್ಟ್ರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರರ ಬಳಿ ಹೋಗಿ, ಬೆಳಿಗ್ಗೆ ಹಲ್ಲು ಕೊರೆಯುವುದನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸಿದರು. ಹಲ್ಲುನೋವು ಪಾಳಿ ನೋಡಿ ಬರುವುದಿಲ್ಲ ಎಂಬ ಉತ್ತರ ಪಡೆದು ಬಂದರು. ಎದುರಿನ ಬ್ರೆಡ್ಡಿನ ಅಂಗಡಿಯ ಹಿಟ್ಟು ಕಲಸುವ ಯಂತ್ರವನ್ನು ಹತ್ತು ನಿಮಿಷ ನಿಲ್ಲಿಸಿ ನೋಡಿದರು. ಲಿಫ್ಟು ನಿಲ್ಲಿಸಿ, ಗಾಲಿಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರಿಂದ ಚೆನ್ನಾಗಿ ಬೈಸಿಕೊಂಡರು. ಕೊನೆಗೆ ಅವರ ಕಣ್ಣು ಕಾರಿಡಾರಿನಲ್ಲಿ ನೆಲ ಉಜ್ಜುವ ಹೆಂಗಸಿನ ಮೇಲೆ ಬಿತ್ತು. ಆಕೆಯ ಪಾಳಿಯೂ ಬೆಳಗಿನದೇ, ಆಕೆಯ ಕೈಯಲ್ಲಿದ್ದುದು ಗುರ್‌ಗುಟ್ಟುವ ವಿದ್ಯುತ್ ಯಂತ್ರ. ಅದನ್ನು ಬಳಸಕೂಡದೆಂದು ಮೇಷ್ಟ್ರು ಕಾಗದ ಬರೆದು ಗೋಡೆಗೆ ಅಂಟಿಸಿದರು. ಆಕೆ ಬಕೆಟ್ಟು, ಬಟ್ಟೆ ಹಿಡಿದು ಮಂಡಿಯೂರಿ ಒರೆಸತೊಡಗಿದಳು. ನಾಲ್ಕು ತಿಂಗಳು ಹಾಗೇ ಒರೆಸಿದಳು. ಗೆರೆ ಹೋಗಲಿಲ್ಲ, ಗೋಡೆಯ ಕಾಗದವನ್ನು ಕೀಳಬೇಕೆಂದು ಮೇಷ್ಟ್ರಿಗೆ ಹೊಳೆಯಲೂ ಇಲ್ಲ.

ಈ ನಡುವೆ ಒಂದು ದಿನ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಕುತ್ತಿಗೆಯ ಸ್ಕ್ಯಾನಿಗೆ ಬಂದರು. ಯಂತ್ರದ ಕೊಳವೆಯೊಳಗೆ ಹೋಗುವವರ ಕೈಗೆ ಒಂದು ರಬ್ಬರ್ ಗುಂಡು ಕೊಡುವುದು ಪದ್ಧತಿ. ಉಸಿರುಕಟ್ಟಿದಂತಾದರೆ ಅದನ್ನು ಹಿಚುಕಬೇಕು, ಹೊರಗಿರುವವರಿಗೆ ಕರೆ ಕೇಳಿಸುತ್ತದೆ, ಕೂಡಲೇ ಹೊರಗೆಳೆಯುತ್ತಾರೆ. ಆ ದಿನವೂ ಗೆರೆ ಬಿದ್ದದ್ದರಿಂದ ಮೇಷ್ಟ್ರು ಒಂದು ಚಿತ್ರವನ್ನು ಮತ್ತೆ ತೆಗೆದರು. ಶಿಕ್ಷಕಿ ಹೊರಗೆ ಬಂದಾಗ ಅವರ ಮುಖ ಬಿಳಿಚಿತ್ತು. ತಾವು ಗುಂಡು ಹಿಚುಕಿದರೂ ಯಾರೂ ಬರಲಿಲ್ಲವೆಂದು ಅವರು ಹೇಳಿದಾಗ ಮೇಷ್ಟ್ರು ಸಮಾಧಾನದ ದನಿಯಲ್ಲಿ, ಗಾಬರಿಯಾದವರಿಗೆ ಹಾಗನ್ನಿಸುವುದು ಸಹಜ, ನೀವು ಹಿಚುಕಿರಲಾರಿರಿ ಎಂದರು.

"ನಾನು ಮೂವತ್ತು ವರ್ಷ ಗಣಿತ ಕಲಿಸಿದವಳು," ಎಂದರು ಶಿಕ್ಷಕಿ. "ನಾಲ್ಕು ಸಲ ಒತ್ತಿದೀನಿ. ನಾಲ್ಕು ಅಂದ್ರೆ ನಾಲ್ಕು."

ಅಂದು ಕ್ಯಾಂಟೀನಿನಲ್ಲಿ ಮೇಷ್ಟ್ರು ಆ ಮಾತನ್ನು ಶಿಕ್ಷಕಿಯದೇ ದನಿಯಲ್ಲಿ ಅನುಕರಿಸಿ ತೋರಿಸಿದರು. ಎಲ್ಲರೂ ನಕ್ಕರು. ಯಂತ್ರದಲ್ಲಷ್ಟೇ ಅಲ್ಲ, ಮನುಷ್ಯರಲ್ಲೂ ಸುಳ್ಳು ಗೆರೆ ಬೀಳುತ್ತದೆ ಎಂದು ಒಂದು ತತ್ವವನ್ನೂ ಅವರು ಸೇರಿಸಿದರಂತೆ. ಈ ಭಾಗ ಹೇಳುವಾಗ ಮಾತ್ರ ಅವರು ಯಾರಿಗೂ ನಗುವ ಜಾಗ ತೋರಿಸುವುದಿಲ್ಲ.

ಗೆರೆ ಶುರುವಾದ ಎಂಟನೆಯ ತಿಂಗಳು ದೊಡ್ಡ ಡಾಕ್ಟರಮ್ಮ ಕರೆಸಿದರು. ಚಿತ್ರಗಳನ್ನು ಓದಿ ವರದಿ ಬರೆಯುವ ವಿಭಾಗಕ್ಕೆ ಅವರೇ ಮುಖ್ಯಸ್ಥೆ, ಮಾತು ಕಡಿಮೆ. ಬೆಳಗಿನ ಪಾಳಿಯಲ್ಲಿ ಹತ್ತರಲ್ಲಿ ಮೂರು ಚಿತ್ರ ಮರಳಿ ತೆಗೆಯಬೇಕಾಗುತ್ತಿದೆ, ರೋಗಿಗಳು ಕಾಯುತ್ತಿದ್ದಾರೆ, ಸರ್ವಿಸ್ ಎಂಜಿನಿಯರ್ ಐದು ಸಲ ಬಂದು ಯಂತ್ರದಲ್ಲಿ ದೋಷವಿಲ್ಲವೆಂದು ಬರೆದುಕೊಟ್ಟಿದ್ದಾನೆ ಎಂದರು. ತಿಂಗಳ ಕೊನೆಯೊಳಗೆ ಗೆರೆ ಹೋಗದಿದ್ದರೆ ಮೇಷ್ಟ್ರನ್ನು ಹಳೆಯ ಫೈಲುಗಳ ಕೋಣೆಗೆ ಹಾಕಿ, ಆ ಕುರ್ಚಿಗೆ ಬೇರೆಯವರನ್ನು ತರಬೇಕಾಗುತ್ತದೆ ಎಂದೂ ಹೇಳಿದರು. ಮೇಷ್ಟ್ರಿಗೆ ಈ ಮಾತುಗಳೆಲ್ಲ ಸ್ಪಷ್ಟವಾಗಿ ಕೇಳಿಸಿದವು. ಡಾಕ್ಟರಮ್ಮನ ದನಿ ಸ್ವಲ್ಪ ದಪ್ಪ.

ಹೊರಗೆ ಮಧ್ಯಾಹ್ನದ ಪಾಳಿಯ ಸಹೋದ್ಯೋಗಿ ಕಾಯುತ್ತಿದ್ದಳು. ಹದಿನೈದು ವರ್ಷದ ಹಿಂದೆ ಮೇಷ್ಟ್ರ ಕೈಕೆಳಗೇ ಕಲಿತವಳು. ಗೌರವಕ್ಕೂ ಕೀಟಲೆಗೂ ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದಳು. "ಗುರುಗಳೇ, ಒಂದು ಕೆಲಸ ಮಾಡೋಣ," ಎಂದಳು. "ನೀವು ನನಗೆ ಕಲಿಸಿದ್ದೇ. ಅದಲುಬದಲು. ಒಂದು ವಾರ ನಾನು ಬೆಳಿಗ್ಗೆ ಬರ್ತೀನಿ, ನೀವು ಮಧ್ಯಾಹ್ನ ಬನ್ನಿ. ಗೆರೆ ಬೆಳಿಗ್ಗೆಯದಾದ್ರೆ ಬೆಳಿಗ್ಗೆಯಲ್ಲೇ ಇರತ್ತೆ."

ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ತಮ್ಮ ಶಿಷ್ಯೆಯ ಪಾಳಿಯಲ್ಲಿ ಗೆರೆ ಬೀಳುವುದನ್ನು ನೋಡುವ ಸಣ್ಣದೊಂದು ಆಸೆಯೂ ಅದರಲ್ಲಿ ಬೆರೆತಿತ್ತು. ವಾರ ಕಳೆಯಿತು. ಬೆಳಗಿನ ಚಿತ್ರಗಳು ಕನ್ನಡಿಯಂತೆ ಸ್ವಚ್ಛವಾದವು. ಗೆರೆ ಜಾಗ ಬದಲಿಸಿ ಮಧ್ಯಾಹ್ನಕ್ಕೆ ಬಂದು ಕುಳಿತಿತ್ತು.

ಇಪ್ಪತ್ತೆರಡು ವರ್ಷ ಎಲ್ಲರಿಗೂ ಕಲಿಸಿದ ನಿಯಮದ ಪ್ರಕಾರ ಇದಕ್ಕೆ ಒಂದೇ ಅರ್ಥ. ಹಲ್ಲಿನ ಡಾಕ್ಟರು ಇದ್ದಲ್ಲೇ ಇದ್ದರು, ಲಿಫ್ಟು ಇದ್ದಲ್ಲೇ ಇತ್ತು, ಹಿಟ್ಟಿನ ಯಂತ್ರ ಇದ್ದಲ್ಲೇ ಇತ್ತು. ಗೆರೆಯ ಜೊತೆ ಜಾಗ ಬದಲಿಸಿದ್ದು ಒಂದೇ ಒಂದು ವಸ್ತು, ಅದಕ್ಕೆ ಐವತ್ತೆಂಟು ವರ್ಷ ವಯಸ್ಸು, ತಲೆಯ ಮೇಲೆ ಅಲ್ಪಸ್ವಲ್ಪ ಕೂದಲು. ಎಂಟು ತಿಂಗಳು ಊರೆಲ್ಲ ಹುಡುಕಿದ ಕಳ್ಳನ ಮನೆಯ ವಿಳಾಸ ತನ್ನದೇ ಎಂದು ತಿಳಿದ ಪತ್ತೇದಾರನ ಮುಖ ಹೇಗಿರುತ್ತದೆ ಎಂದು ನೋಡಲು ಅವರು ಕೈತೊಳೆಯುವ ಕೋಣೆಯ ಕನ್ನಡಿಯ ಮುಂದೆ ನಿಂತರಂತೆ. ಬೆಪ್ಪುತಕ್ಕಡಿಯದ್ದೇ ಮುಖವಾಗಿತ್ತಂತೆ.

ಆದರೂ ಜಂಬ ಪೂರ್ತಿ ಇಳಿದಿರಲಿಲ್ಲ. ತಪ್ಪು ತಮ್ಮದಲ್ಲ, ತಮ್ಮ ಮೈಮೇಲಿನ ಯಾವುದೋ ವಸ್ತುವಿನದು ಎಂದು ಅವರು ತೀರ್ಮಾನಿಸಿದರು. ಮುಂದಿನ ಭಾನುವಾರ ಬೆಳಿಗ್ಗೆ, ರೋಗಿಗಳಿಲ್ಲದ ಹೊತ್ತಿನಲ್ಲಿ ಬಂದು, ಬಾಟಲಿಯನ್ನು ಮಲಗಿಸಿ ಪರೀಕ್ಷೆ ಶುರುಮಾಡಿದರು. ಗಡಿಯಾರ ಬಿಚ್ಚಿಟ್ಟು ಒಂದು ಚಿತ್ರ. ಗೆರೆ. ಬೆಲ್ಟು ಬಿಚ್ಚಿಟ್ಟು ಒಂದು. ಗೆರೆ. ಬೀಗದ ಕೈ, ಪೆನ್ನು, ಕನ್ನಡಕ, ಬೂಟು. ಪ್ರತಿಸಲವೂ ಒಳಗೆ ಹೋಗಿ ಬಾಟಲಿಯನ್ನು ನೆಟ್ಟಗೆ ಮಾಡಿ, ಹೊರಬಂದು ಬಾಗಿಲು ಹಾಕಿ, ಕುರ್ಚಿಯಲ್ಲಿ ಕುಳಿತರು. ಹತ್ತೂವರೆಯ ಹೊತ್ತಿಗೆ ಅವರು ಬರಿಗಾಲಲ್ಲಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ದವಡೆಯ ಹಲ್ಲಿಗೆ ಹಾಕಿಸಿದ್ದ ಲೋಹದ ಕವಚ ಒಂದು ಬಾಕಿಯಿತ್ತು. ಮೇಲಿನ ಮಹಡಿಯ ಡಾಕ್ಟರನ್ನು ಯಾವ ಮುಖ ಹೊತ್ತು ಕೇಳುವುದೆಂದು ಅವರು ಯೋಚಿಸುತ್ತಿದ್ದಾಗ, ಕಾರಿಡಾರಿನಲ್ಲಿ ಮಂಡಿಯೂರಿ ಒರೆಸುತ್ತಿದ್ದ ಹೆಂಗಸು ಬಟ್ಟೆ ಹಿಂಡಿ ಎದ್ದು ನಿಂತಳು.

"ಸಾರ್, ಒಂದು ಮಾತು. ನೀವು ಬೈಯಬಾರದು."

ಹೇಳಮ್ಮ ಎಂದರು ಮೇಷ್ಟ್ರು, ಪ್ಯಾಂಟನ್ನು ಮೇಲಕ್ಕೆಳೆದುಕೊಳ್ಳುತ್ತ.

"ಎಲ್ರೂ ಬಾಗಿಲು ಹಾಕಿದ್ರೆ ಅದು ಕೀಂ ಅನ್ನತ್ತೆ. ನೀವು ಹಾಕಿದ್ರೆ ಮಾತ್ರ ಅನ್ನಲ್ಲ."

"ಏನು ಕೀಂ ಅನ್ನತ್ತೆ?"

ಆಕೆ ಅವರ ಮುಖವನ್ನೊಮ್ಮೆ ನೋಡಿದಳು. ಏನನ್ನೋ ಅರ್ಥಮಾಡಿಕೊಂಡವಳಂತೆ, ಕೈಯನ್ನು ಸೀರೆಗೆ ಒರೆಸಿಕೊಂಡು ಬಾಗಿಲ ಬಳಿ ಹೋದಳು. ಹಿಡಿಯನ್ನು ಒತ್ತಿದಳು. ದಬ್ ಎಂದು ಬಾಗಿಲು ಕೂತಿತು. ಮೇಷ್ಟ್ರು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಎಳೆದರೆ ಬಾಗಿಲು ಬರುತ್ತಿರಲಿಲ್ಲವಾದ್ದರಿಂದ ಅದು ಹಾಕಿದೆ ಎಂದೇ ತಿಳಿದಿದ್ದರು. ಆಕೆ ನಿಲ್ಲಿಸಲಿಲ್ಲ. ಹಿಡಿಯನ್ನು ಇನ್ನೊಂದು ಬೆರಳಷ್ಟು ಕೆಳಕ್ಕೆ ಒತ್ತಿ, ಒಂದು ಕ್ಷಣ ತಡೆದು, "ಇದೇ ನೋಡಿ," ಎಂಬಂತೆ ಇವರತ್ತ ತಿರುಗಿದಳು. ಮೇಷ್ಟ್ರಿಗೆ ಏನೂ ಕೇಳಿಸಲಿಲ್ಲ. ಅವರು ಹತ್ತಿರ ಹೋಗಿ ಹಿಡಿಗೆ ಕಿವಿಯನ್ನೇ ಅಂಟಿಸಿ ನಿಂತರು. ಆಕೆ ಇನ್ನೊಮ್ಮೆ ತೆಗೆದು ಒತ್ತಿದಳು. ತಣ್ಣನೆಯ ಲೋಹ ಕಿವಿಗೆ ತಾಗಿತು, ಅಷ್ಟೇ.

ಹಿಡಿ ಕೂರಿಸಿದ ಕೆಲಸಗಾರ ಅಂದು ಎಲ್ಲರಿಗೂ ಹೇಳಿದ್ದು ಇದನ್ನೇ: ಕೀಂ ಎನ್ನುವವರೆಗೆ ಒತ್ತಬೇಕು, ಆಗಲೇ ಮೇಲಿನ ಮೂಲೆಯ ತಾಮ್ರದ ಹಲ್ಲುಗಳು ಕಚ್ಚಿಕೊಳ್ಳುವುದು. ಎಲ್ಲರೂ ಕೇಳಿ ತಲೆಯಾಡಿಸಿದ್ದರು, ಮೇಷ್ಟ್ರು ಅವರನ್ನು ನೋಡಿ ತಲೆಯಾಡಿಸಿದ್ದರು. ರೇಡಿಯೋ ಪರೀಕ್ಷೆಯಲ್ಲಿ ಬಾಗಿಲು ಪಾಸಾದದ್ದೂ ಸಹಜವೇ, ಇವರು ಒಳಗೆ ನಿಂತಾಗಲೆಲ್ಲ ಅದನ್ನು ಹಾಕಿದವಳು ಸಹೋದ್ಯೋಗಿ. ಯಾರ ಕೈಯಲ್ಲಾದರೂ ಬಾಗಿಲು ಬಾಗಿಲೇ ಎಂದುಕೊಂಡಿದ್ದು ಅವರೊಬ್ಬರೇ.

ಮೇಷ್ಟ್ರು ಬಾಟಲಿಯ ಚಿತ್ರವನ್ನು ಮತ್ತೊಮ್ಮೆ ತೆಗೆದರು. ಗೆರೆಯಿಲ್ಲ. ಎಂಟು ತಿಂಗಳ ಬಳಿಕ ತಮ್ಮ ಕೈಯಲ್ಲಿ ಮೂಡಿದ ನಿಷ್ಕಳಂಕ ಬಿಳಿ ವೃತ್ತವನ್ನು ಅವರು ನೋಡುತ್ತ ಕುಳಿತರು. ಮೊದಲು ಮನಸ್ಸಿಗೆ ಬಂದದ್ದು ನೆಮ್ಮದಿ. ಅದನ್ನೂ ಅವರು ಮುಚ್ಚಿಡುವುದಿಲ್ಲ. ನಾಳೆಯಿಂದ ಒಂದು ಬೆರಳಷ್ಟು ಹೆಚ್ಚು ಒತ್ತಿದರಾಯಿತು. ಗೆರೆ ಹೋಗುತ್ತದೆ, ಕುರ್ಚಿ ಉಳಿಯುತ್ತದೆ, ಕಿವಿಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ನೆಲ ಒರೆಸುವವಳು ಎಂಟು ತಿಂಗಳು ಬಾಯಿಬಿಡದವಳು, ಇನ್ನೆರಡು ವರ್ಷ ಬಿಡದೆ ಇರಲಾರಳೇ? ಹೀಗೆ ಲೆಕ್ಕ ಹಾಕುತ್ತ ಇನ್ನು ಬೇಡವಾದ ನೋಟುಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳಲು ಫಲಕದಿಂದ ಎತ್ತಿದರು.

ಅದರ ಹಿಂದೆ ಒಂದು ಸಣ್ಣ ಕೆಂಪು ದೀಪವಿತ್ತು.

ರೋಗಿ ರಬ್ಬರ್ ಗುಂಡು ಹಿಚುಕಿದರೆ ಫಲಕದಲ್ಲಿ ಸಣ್ಣ ದನಿಯೊಂದು ಕೂಗುತ್ತದೆ, ಜೊತೆಗೆ ಈ ದೀಪ ಮಿಣುಕುತ್ತದೆ. ಮೇಷ್ಟ್ರು ಎದ್ದು ಆ ಹೆಂಗಸನ್ನು ಒಳಗೆ ಕರೆದು ಕೈಗೆ ಗುಂಡನ್ನು ಕೊಟ್ಟು, ಬಾಗಿಲು ತೆರೆದೇ ಬಿಟ್ಟು, ತಾವು ಬಂದು ಕುಳಿತು, ಕಣ್ಣು ಮುಚ್ಚಿಕೊಂಡು, ಹಿಚುಕಲು ಹೇಳಿದರು. ಅಪ್ಪನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಂತೆಯೇ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಯಾವಾಗ ಬೇಕಾದರೂ ಹಿಚುಕಮ್ಮ ಎಂದರು.

"ಆಗ್ಲೇ ಮೂರು ಸಲ ಹಿಚುಕಿದೆ, ಸಾರ್."

ನಾಲ್ಕು ಅಂದ್ರೆ ನಾಲ್ಕು ಎಂಬ ಮಾತು ಆಗ ಅವರಿಗೆ ಬಲು ಸ್ಪಷ್ಟವಾಗಿ ಕೇಳಿಸಿತಂತೆ.

ಎದ್ದವರು ಮೊದಲು ಗೋಡೆಯ ಕಾಗದವನ್ನು ಕಿತ್ತರು. ನಾಲ್ಕು ತಿಂಗಳ ಅಂಟು ಬಣ್ಣವನ್ನೂ ಸ್ವಲ್ಪ ಕಿತ್ತುಕೊಂಡು ಬಂತು. ನೆಲ ಉಜ್ಜುವ ಯಂತ್ರವನ್ನು ಉಗ್ರಾಣದಿಂದ ತಾವೇ ತಳ್ಳಿಕೊಂಡು ಬಂದು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಆಕೆಯನ್ನು ಕೇಳಿದರು. ಎರಡು ಸಲ ಹೇಳಿದೆ, ನೀವು ಹೂಂ ಅಂದ್ರಿ ಎಂದಳು ಆಕೆ.

ಸೋಮವಾರ ಬೆಳಿಗ್ಗೆ ಅವರು ಡಾಕ್ಟರಮ್ಮನ ಕೋಣೆಗೆ ಹೋಗಿ, ನಿಂತುಕೊಂಡೇ, ಬಾಗಿಲಿನಿಂದ ಗುಂಡಿನವರೆಗೆ ಎಲ್ಲವನ್ನೂ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎಷ್ಟು ದಿನದಿಂದ ಎಂದು ಕೇಳಿದರು.

"ಯಾವುದು ಮೇಡಂ, ಗೆರೆನಾ, ಕಿವಿನಾ?"

"ಎರಡೂ ಒಂದೇ ಅಲ್ವಾ?"

ಆ ವಾರವೇ ಕಿವಿಯ ಪರೀಕ್ಷೆಯಾಯಿತು. ಸದ್ದು ನುಗ್ಗದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಕೇಳಿಸಿದಾಗ ಒತ್ತಿ ಎಂದರು. ಇಪ್ಪತ್ತೆರಡು ವರ್ಷ ಇತರರ ಕೈಗೆ ಕೊಟ್ಟದ್ದು ಕೊನೆಗೆ ತಮ್ಮ ಕೈಗೂ ಬಂತೆಂದು ಮೇಷ್ಟ್ರಿಗೆ ನಗು ಬಂತು. ಕಾಗದದ ಮೇಲೆ ಮೂಡಿದ ಗೆರೆ ಸ್ವಲ್ಪ ದೂರ ಸಮವಾಗಿ ನಡೆದು, ಕೀಂ ಎನ್ನುವಂಥ ಸಣ್ಣ ದನಿಗಳ ಕಡೆ ಬರುತ್ತಲೇ ಜಾರುಬಂಡೆಯಂತೆ ಕೆಳಗಿಳಿದಿತ್ತು. ಎಡಗಿವಿಯದು ಬಲಗಿವಿಯದಕ್ಕಿಂತ ಇನ್ನಷ್ಟು ಆಳಕ್ಕೆ ಹೋಗಿತ್ತು. ಮೇಷ್ಟ್ರು ಸುಮ್ಮನೆ ಒಪ್ಪಲಿಲ್ಲ. ಹೆಡ್‌ಫೋನನ್ನು ಅದಲುಬದಲು ಮಾಡಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಇನ್ನೊಮ್ಮೆ ನೋಡಬೇಕೆಂದು ಹಟಹಿಡಿದರು. ಪರೀಕ್ಷಿಸುವವನು ತಾಳ್ಮೆಯಿಂದ ಹಾಗೆಯೇ ಮಾಡಿದ. ಇಳಿಜಾರು ಎಡಗಿವಿಯಲ್ಲೇ ಆಳವಾಗಿತ್ತು. ಇದ್ದಲ್ಲೇ ಇತ್ತು. ಇನ್ನು ಮಾತಿಗೆ ಆಸ್ಪದವಿರಲಿಲ್ಲ.

ಕಿವಿಗೆ ಸಣ್ಣದೊಂದು ಯಂತ್ರ ಬಂತು. ಅದನ್ನು ಧರಿಸಿ ಅಯಸ್ಕಾಂತದ ಕೋಣೆಯೊಳಗೆ ಹೋಗುವಂತಿಲ್ಲ. ಧರಿಸದೆ ಹೊರಗಿನ ಕುರ್ಚಿಯಲ್ಲಿ ಕೂರುವಂತಿಲ್ಲ. ನಿಮಿಷಕ್ಕೊಮ್ಮೆ ಒಳಗೆ ಹೊರಗೆ ಓಡಾಡುವ ಆ ಕೆಲಸದಲ್ಲಿ, ಒಂದು ದಿನ ಅದನ್ನು ಹಾಕಿಕೊಳ್ಳಲು ಮರೆತರೆ ಒಳಗಿರುವವರ ಗತಿಯೇನು ಎಂದು ಡಾಕ್ಟರಮ್ಮ ಕೇಳಿದರು. ಕುರ್ಚಿ ಹೋಯಿತು. ಫೈಲುಗಳ ಕೋಣೆಗೆ ಬದಲಾಗಿ, ವರದಿ ಬರೆಯುವವರ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮೇಜು ಕೊಟ್ಟರು. ಪ್ರತಿಯೊಂದು ಚಿತ್ರವೂ ಡಾಕ್ಟರರ ಕಣ್ಣಿಗೆ ಬೀಳುವ ಮುನ್ನ ಅಲ್ಲಿ ಹಾದು ಹೋಗಬೇಕು. ಅದರಲ್ಲಿನ ನಿಜ ಯಾವುದು, ಸುಳ್ಳು ಯಾವುದು ಎಂದು ಮೇಷ್ಟ್ರು ಗುರುತು ಹಾಕಬೇಕು. ಬಡ್ತಿಯೋ ಶಿಕ್ಷೆಯೋ ಎಂದು ಕೇಳಿದವರಿಗೆ, ದಿಕ್ಕು ಬದಲಿಸಿ ನೋಡಿದ ಮೇಲೆ ಹೇಳುತ್ತೇನೆ ಎನ್ನುತ್ತಿದ್ದರು. ಬಾಟಲಿಯನ್ನು ಮಾತ್ರ ಜೊತೆಗೆ ಒಯ್ಯಲು ಬಿಡಲಿಲ್ಲ. ಅದು ಸಹೋದ್ಯೋಗಿಯ ಪಾಲಾಯಿತು.

ಮನೆಯಲ್ಲಿ ಮೊದಲ ದಿನ ಗುಬ್ಬಚ್ಚಿಗಳ ಗಲಾಟೆಗೆ ಅವರಿಗೆ ಪತ್ರಿಕೆ ಓದಲಾಗಲಿಲ್ಲ. ಹೆಂಡತಿಯ ಮಾತು ಗೊಣಗಾಟವಾಗಿರಲಿಲ್ಲ. ಒಂದೊಂದು ಅಕ್ಷರವೂ ಬಿಡಿಸಿ ಹೇಳಿದಂತಿತ್ತು. ಹಾಗೆ ಬಿಡಿಸಿ ಕೇಳಿಸಿದ ಮೊದಲ ವಾಕ್ಯವೇ, "ರೀ, ಆ ಬಸ್ಸಿನವನ ಕತೆ ಇನ್ನೊಂದ್ಸಲ ಹೇಳಿದ್ರೆ ನಾನು ತಮ್ಮನ ಮನೆಗೆ ಹೋಗ್ತೀನಿ," ಎಂಬುದಾಗಿತ್ತು.

ಒಂದು ಕೆಲಸ ಉಳಿದಿತ್ತು. ಡಾಕ್ಟರಮ್ಮನ ಅನುಮತಿ ಪಡೆದು, ದಾಖಲೆ ಪುಸ್ತಕದಲ್ಲಿ ಗಣಿತ ಶಿಕ್ಷಕಿಯ ಫೋನ್ ಸಂಖ್ಯೆ ಹುಡುಕಿ, ಮೇಷ್ಟ್ರು ಹೊಸ ಮೇಜಿನಿಂದ ಕರೆ ಮಾಡಿದರು. ತಾವು ಯಾರೆಂದು ಹೇಳಿ, ಅಂದು ನೀವು ಹಿಚುಕಿದ್ದು ನಿಜ, ಕೇಳಿಸದೆ ಹೋದದ್ದು ನನ್ನ ತಪ್ಪು, ನಿಮ್ಮದು ಭ್ರಮೆ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು, ಕ್ಷಮಿಸಬೇಕು ಎಂದರು.

"ಏನಂದ್ರಿ?" ಎಂದರು ಶಿಕ್ಷಕಿ. "ಸರಿಯಾಗಿ ಕೇಳಿಸಲಿಲ್ಲ."

ವಯಸ್ಸಾದವರು, ಪಾಪ ಎಂದುಕೊಂಡು ಮೇಷ್ಟ್ರು ಸ್ವಲ್ಪ ಜೋರಾಗಿ ಎಲ್ಲವನ್ನೂ ಮತ್ತೆ ಹೇಳಿದರು. ಆ ಕಡೆಯಿಂದ, ಇನ್ನೊಂದು ಸಲ ಹೇಳಿ ಎಂಬ ಮಾತು ಬಂತು. ಮೂರನೆಯ ಸಲ ಅವರು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ವರದಿ ಬರೆಯುತ್ತಿದ್ದ ಡಾಕ್ಟರರು ಬಾಗಿಲಿನಿಂದ ಇಣುಕಿದರು. ಶಿಕ್ಷಕಿಗೆ ಆಗಲೂ ಕೇಳಿಸಲಿಲ್ಲ. ಮೇಷ್ಟ್ರು ಬೆವರು ಒರೆಸಿಕೊಂಡು, ಕಾರಿಡಾರಿನಲ್ಲಿ ನೆಲ ಉಜ್ಜುವ ಯಂತ್ರ ಗಕ್ಕನೆ ನಿಲ್ಲುವಂತೆ, ಕ್ಷಮಿಸಬೇಕು ಎಂದು ಮತ್ತೊಮ್ಮೆ ಕೂಗಿದರು.

"ನಾಲ್ಕು," ಎಂದರು ಶಿಕ್ಷಕಿ. "ಈಗ ಕೇಳಿಸ್ತು."